ಹಾಸಿಗೆಯಷ್ಟು ಉದ್ದದ ರೈಲಿಗೂ ಒಂದು ಪಾಸ್

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಾರ್ಡು. ಮೇಲೆ ಕಮಾನಿನ ಹಾಗೆ ಬಾಗಿದ ಅಕ್ಷರಗಳಲ್ಲಿ ಒಂದು ರೈಲ್ವೆ ಕಂಪನಿಯ ಹೆಸರು. ಪಕ್ಕದಲ್ಲಿ ಹೊಗೆ ಉಗುಳುವ ಎಂಜಿನ್ನಿನ ಚಿತ್ರ. ಮಧ್ಯದ ಚುಕ್ಕೆಗೆರೆಯ ಮೇಲೆ ಪೆನ್ನಿನಲ್ಲಿ ಬರೆದ ನಿಮ್ಮ ಹೆಸರು. 'ಡಿಸೆಂಬರ್ 31ರವರೆಗೆ ಮಾತ್ರ' ಅನ್ನುವ ಸಾಲು, ಅದರ ಕೆಳಗೆ ಅಧ್ಯಕ್ಷರ ಸಹಿ. ಎಲ್ಲಾ ಸರಿಯಾಗಿಯೇ ಇದೆ. ಆದರೆ ಆ ರೈಲ್ವೆ ಇರುವುದು ಯಾರದೋ ಮನೆಯ ನೆಲಮಾಳಿಗೆಯಲ್ಲಿ. ಅದರ ಹಳಿಯೆಲ್ಲಾ ಸೇರಿದರೆ ಒಂದು ಹಾಸಿಗೆಯ ಉದ್ದ. ಆ ರೈಲಿನಲ್ಲಿ ನೀವು ಕೂರುವುದಿರಲಿ, ಒಂದು ಬೆಕ್ಕಿನ ಮರಿಯೂ ಕೂರಲಾರದು.

ಇಂಥ ಪಾಸ್ ಮಾಡಿ, ಅಂಚೆಯಲ್ಲಿ ಕಳಿಸಿ, ಬದಲಿಗೆ ಇನ್ನೊಬ್ಬರ ಪಾಸ್ ತರಿಸಿಕೊಳ್ಳುವುದು ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳಲ್ಲಿ, ಅಂದರೆ ನಿಜವಾದ ರೈಲಿನ ಪುಟ್ಟ ಮಾದರಿ ಕಟ್ಟಿ ಓಡಿಸುವವರಲ್ಲಿ, ಹಿಂದಿನಿಂದ ಬಂದ ಗೀಳು. ಹೊರಗಿನವರಿಗೆ ಇದು ವಿಸಿಟಿಂಗ್ ಕಾರ್ಡ್ ಹಂಚಿಕೊಂಡ ಹಾಗೆ ಕಾಣುತ್ತದೆ. ಅಷ್ಟೇ ಆಗಿದ್ದರೆ ಹೆಸರು, ವಿಳಾಸ ಸಾಕಿತ್ತು, ಅಲ್ವಾ? ಸಹಿ ಯಾಕೆ, ನಂಬರ್ ಯಾಕೆ, 'ಅಪಘಾತವಾದರೆ ಕಂಪನಿ ಹೊಣೆಯಲ್ಲ' ಅನ್ನುವ ಷರತ್ತು ಯಾಕೆ? ಇದು ಅರ್ಥವಾಗಬೇಕಾದರೆ ಮೊದಲು ನಿಜವಾದ ರೈಲಿನ ಪಾಸ್ ಹೇಗಿತ್ತು ಅಂತ ನೋಡಬೇಕು.

ಅಮೆರಿಕದಲ್ಲಿ ಆಗ ರೈಲು ಅಂದರೆ ಸರ್ಕಾರದ್ದಲ್ಲ. ನೂರಾರು ಖಾಸಗಿ ಕಂಪನಿಗಳು, ಒಂದೊಂದಕ್ಕೂ ಒಬ್ಬ ಅಧ್ಯಕ್ಷ. ಒಂದು ಕಂಪನಿಯ ಹಳಿ ಮುಗಿದಲ್ಲಿ ಇನ್ನೊಂದರದ್ದು ಶುರು. ಹಾಗಾಗಿ 19ನೇ ಶತಮಾನದಲ್ಲೇ ಒಂದು ಪದ್ಧತಿ ಬೆಳೆಯಿತು: ನಿಮ್ಮ ಅಧಿಕಾರಿಗಳಿಗೆ ನಮ್ಮ ರೈಲಿನಲ್ಲಿ ಪುಕ್ಕಟೆ, ನಮ್ಮವರಿಗೆ ನಿಮ್ಮ ರೈಲಿನಲ್ಲಿ ಪುಕ್ಕಟೆ. ಪ್ರತಿ ವರ್ಷದ ಕೊನೆಗೆ ಕಂಪನಿಗಳು ಹೊಸ ವರ್ಷದ ಪಾಸ್‌ಗಳನ್ನು ಅಚ್ಚು ಹಾಕಿಸಿ ಪರಸ್ಪರ ಕಳಿಸುತ್ತಿದ್ದವು. ಇದೇ ವಿನಿಮಯ ಪಾಸ್. ಮಾಡೆಲ್ ರೈಲಿನವರು ಇವತ್ತು ಮಾಡುತ್ತಿರುವುದು ಇದನ್ನೇ.

ಆದರೆ ನಿಜವಾದ ಪಾಸ್ ಅಧಿಕಾರಿಗಳ ಜೇಬಿನಲ್ಲೇ ನಿಲ್ಲಲಿಲ್ಲ. ಶಾಸಕರಿಗೆ ಹೋಯಿತು, ನ್ಯಾಯಾಧೀಶರಿಗೆ ಹೋಯಿತು, ಪತ್ರಕರ್ತರಿಗೆ, ಪಾದ್ರಿಗಳಿಗೆ ಹೋಯಿತು. ಹೀಗೆ ದುಡ್ಡು ಕೊಡದೆ ಓಡಾಡುವವರಿಗೆ 'ಡೆಡ್‌ಹೆಡ್' ಅಂತ ಹೆಸರೇ ಬಿತ್ತು. ರೈಲು ದರ ಎಷ್ಟಿರಬೇಕು ಅಂತ ತೀರ್ಮಾನಿಸುವ ಶಾಸಕನೇ ರೈಲಿನವರ ಋಣದಲ್ಲಿ ಓಡಾಡುತ್ತಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. 1887ರ ಅಂತರರಾಜ್ಯ ವಾಣಿಜ್ಯ ಕಾಯ್ದೆ ಇದಕ್ಕೆ ಸ್ವಲ್ಪ ಕಡಿವಾಣ ಹಾಕಿತು. 1906ರ ಹೆಪ್‌ಬರ್ನ್ ಕಾಯ್ದೆ ಗಟ್ಟಿಯಾಗಿಯೇ ಬಿಗಿಯಿತು. ರೈಲ್ವೆ ನೌಕರರು, ಅವರ ಕುಟುಂಬದವರು, ಇನ್ನು ಕೆಲವೇ ವರ್ಗದವರನ್ನು ಬಿಟ್ಟು ಉಳಿದವರಿಗೆ ಪುಕ್ಕಟೆ ಪಾಸ್ ನಿಂತಿತು.

ಈ ಕಾಯ್ದೆಯಿಂದ ಪಾಪದವರೂ ಪೆಟ್ಟು ತಿಂದರು. ಮಾಟ್ಲಿ ಅನ್ನುವ ಗಂಡ ಹೆಂಡತಿ 1871ರಲ್ಲಿ ಲೂಯಿವಿಲ್ ಅಂಡ್ ನ್ಯಾಶ್‌ವಿಲ್ ರೈಲ್ವೆಯ ಅಪಘಾತವೊಂದರಲ್ಲಿ ಗಾಯಗೊಂಡಿದ್ದರು. ಅವರು ಕೇಸ್ ಹಾಕದೆ ರಾಜಿಯಾದರು. ಪರಿಹಾರವಾಗಿ ಕಂಪನಿ ಇಬ್ಬರಿಗೂ ಜೀವನಪೂರ್ತಿ ಪಾಸ್ ಒಪ್ಪಿಕೊಂಡಿತು. ಮೂವತ್ತೈದು ವರ್ಷ ಪಾಸ್ ವರ್ಷ ವರ್ಷ ಹೊಸದಾಗುತ್ತಾ ಬಂತು. 1907ರಲ್ಲಿ ಕಂಪನಿ, ಕಾನೂನು ಬದಲಾಗಿದೆ, ಇನ್ನು ಕೊಡುವುದಿಲ್ಲ ಎಂದಿತು. ಮಾಟ್ಲಿ ದಂಪತಿ ಕೋರ್ಟಿಗೆ ಹೋದರು. 1908ರಲ್ಲಿ ಸುಪ್ರೀಂ ಕೋರ್ಟ್, ಈ ಕೇಸ್ ಕೇಂದ್ರದ ಕೋರ್ಟಿನಲ್ಲಿ ಶುರುವಾಗಬೇಕಾದ್ದೇ ಅಲ್ಲ ಅಂತ ಹಿಂದೆ ಕಳಿಸಿತು. ಸುತ್ತಿ ಬಳಸಿ ಮತ್ತೆ ಬಂದಾಗ 1911ರಲ್ಲಿ ಅವರ ವಿರುದ್ಧವೇ ತೀರ್ಪಾಯಿತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಈಗಲೂ ಈ ಕೇಸನ್ನು ಓದುತ್ತಾರೆ. ಒಂದು ಚೂರು ರಟ್ಟಿಗೆ ಎಷ್ಟು ಬೆಲೆ ಇತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎಲ್ಲಾ ಪಾಸ್‌ಗಳೂ ರಟ್ಟಿನವೇ ಆಗಿರಲಿಲ್ಲ. ಕೊಲೊರಾಡೊದ ಸಾನ್ ವಾನ್ ಬೆಟ್ಟಗಳಲ್ಲಿ ರಸ್ತೆ, ರೈಲು ಕಟ್ಟಿಸಿದ ಆಟೊ ಮಿಯರ್ಸ್ ಅನ್ನುವವರಿದ್ದರು. ಅವರ ಸಿಲ್ವರ್ಟನ್ ರೈಲ್‌ರೋಡ್ ಬೆಳ್ಳಿ ಗಣಿಗಳ ಊರುಗಳಿಗೆ ಹೋಗುವ ಪುಟ್ಟ ಲೈನು. 1888ರಲ್ಲಿ ಅವರು ಜಿಂಕೆ ಚರ್ಮದ ಮೇಲೆ ಪಾಸ್ ಮಾಡಿಸಿದರು. ಆಮೇಲೆ ಬೆಳ್ಳಿ ತಗಡಿನಲ್ಲಿ. 1892ರ ಹೊತ್ತಿಗೆ ಬೆಳ್ಳಿ ತಂತಿಯ ಸೂಕ್ಷ್ಮ ಕುಸುರಿಯಲ್ಲಿ. ರೈಲು ಚಿಕ್ಕದು, ಪಾಸ್ ಮಾತ್ರ ಯಾರ ಹತ್ತಿರವೂ ಇಲ್ಲದಂಥದ್ದು. ಪುಟ್ಟ ರೈಲಿನ ಯಜಮಾನ ದೊಡ್ಡವರ ಸಾಲಿನಲ್ಲಿ ನಿಲ್ಲಲು ಪಾಸನ್ನು ಹೇಗೆ ಬಳಸಿಕೊಳ್ಳಬಹುದು ಅಂತ ಮಿಯರ್ಸ್‌ಗೆ ಚೆನ್ನಾಗಿ ಗೊತ್ತಿತ್ತು. ಮಾಡೆಲ್ ರೈಲಿನ ಪಾಸ್ ಮಾಡುವವರಿಗೆ ಅವರೇ ಮೂಲಪುರುಷ ಅಂತ ನಾನು ಸುಮ್ನೆ ಅಂದುಕೊಳ್ಳುತ್ತೇನೆ.

ರೈಲಿನವರ ಬಾಯಲ್ಲಿ ಓಡಾಡುವ ಒಂದು ಹಳೆಯ ಕಥೆಯೂ ಇದೆ. ಹತ್ತಿಪ್ಪತ್ತು ಮೈಲಿ ಹಳಿ ಇರುವ ಒಂದು ಕಂಪನಿಯ ಅಧ್ಯಕ್ಷ ಸಾವಿರಾರು ಮೈಲಿಯ ದೊಡ್ಡ ಕಂಪನಿಗೆ ಪತ್ರ ಬರೆಯುತ್ತಾನೆ: ಪಾಸ್ ಬದಲಾಯಿಸಿಕೊಳ್ಳೋಣವೇ? ಅಲ್ಲಿಂದ ಖಾರವಾಗಿ ಉತ್ತರ ಬರುತ್ತದೆ: ನಿಮ್ಮ ರೈಲು ಎಷ್ಟುದ್ದ ಅಂತ ಗೊತ್ತಿದೆಯೇ? ಇವನ ಮರುಪತ್ರ: 'ನಿಮ್ಮದರಷ್ಟು ಉದ್ದ ಇಲ್ಲ ಸ್ವಾಮಿ, ಆದರೆ ಅಷ್ಟೇ ಅಗಲ ಇದೆ.'

ಈ ನಗೆಮಾತು ಮಾಡೆಲ್ ರೈಲಿಗೆ ಹೇಳಿ ಮಾಡಿಸಿದ ಹಾಗಿದೆ. ಎಚ್‌ಒ ಅನ್ನುವ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಹಳಿಯ ಅಗಲ 16.5 ಮಿಲಿಮೀಟರ್. ಹಳಿ, ಬೆಟ್ಟ, ಊರು ಎಲ್ಲಾ ಸೇರಿಸಿ ಕಟ್ಟಿದ ಮಾದರಿಗೆ ಲೇಔಟ್ ಅನ್ನುತ್ತಾರೆ. ಕ್ಲಬ್ಬೊಂದರ ದೊಡ್ಡ ಹಾಲ್ ತುಂಬಾ ಹರಡಿದ ಲೇಔಟ್ ಆಗಲಿ, ಪುಸ್ತಕದ ಶೆಲ್ಫ್ ಮೇಲಿನ ಒಂದು ಮೀಟರ್ ಲೇಔಟ್ ಆಗಲಿ, ಅಗಲ ಅಷ್ಟೇ. ಹಾಗಾಗಿ ಪಾಸ್ ವಿನಿಮಯದಲ್ಲಿ ಯಾರೂ ದೊಡ್ಡವರಲ್ಲ. ಒಂದಕ್ಕೆ ಒಂದು. ಹಳಿ ಹಾಕಿ ಮುಗಿಸಿರಬೇಕು ಅಂತ ಕೂಡ ಇಲ್ಲ. ಬರೀ ಪ್ಲೈವುಡ್ ಹಲಗೆ ಮಾತ್ರ ಇರುವವರೂ ಧೈರ್ಯವಾಗಿ ಪಾಸ್ ಅಚ್ಚು ಹಾಕಿಸುತ್ತಾರೆ. ಇದು ಮೋಸವೇನಲ್ಲ. ನಿಜವಾದ ರೈಲ್ವೆಗಳೂ ಎಷ್ಟೋ ಸಲ ಹಳಿಗಿಂತ ಮುಂಚೆ ಕಾಗದದಲ್ಲೇ ಹುಟ್ಟಿದವು.

ಇಲ್ಲಿ ಇನ್ನೊಂದು ವಿಷಯ ಗೊತ್ತಿರಬೇಕು. ಮಾಡೆಲ್ ರೈಲು ಕಟ್ಟುವವರಲ್ಲಿ ಎರಡು ಪಂಗಡ. ಕೆಲವರು ನಿಜವಾಗಿ ಇದ್ದ ಕಂಪನಿಯ ಒಂದು ಭಾಗವನ್ನು ಹಾಗೆಯೇ ಕಟ್ಟುತ್ತಾರೆ. ಇನ್ನು ಕೆಲವರದ್ದು ಫ್ರೀಲ್ಯಾನ್ಸ್. ಅಂದರೆ ಕಂಪನಿಯೇ ಕಲ್ಪನೆ. ಹೆಸರು, ಊರು, ಇತಿಹಾಸ, ಲಾಂಛನ ಎಲ್ಲಾ ಸ್ವಂತದ್ದು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಕಟ್ಟಿದ 'ಗೋರಿ ಅಂಡ್ ಡಿಫೀಟೆಡ್' (Gorre & Daphetid) ಇದರಲ್ಲಿ ಅತಿ ಪ್ರಸಿದ್ಧ. ಬರೆಯುವಾಗ ಎರಡು ಊರುಗಳ ಹೆಸರಿನ ಹಾಗೆ ಕಾಣುವ ಕಾಗುಣಿತ, ಬಾಯಿಬಿಟ್ಟು ಓದಿದರೆ ಇಂಗ್ಲಿಷಿನಲ್ಲಿ 'ರಕ್ತಸಿಕ್ತ ಮತ್ತು ಸೋತುಹೋದ' ಎಂಬ ಅರ್ಥ. ಇಂಥ ಶ್ಲೇಷೆಯ ಹೆಸರುಗಳ ಹುಚ್ಚು ಆ ಕಾಲದಲ್ಲಿ ಜೋರಾಗಿತ್ತು. ಆಮೇಲೆ ಬಂದ ಅಲೆನ್ ಮೆಕ್ಲೆಲಂಡ್ ಅವರ 'ವರ್ಜಿನಿಯನ್ ಅಂಡ್ ಒಹಾಯೊ' ಎಷ್ಟು ಗಂಭೀರವಾಗಿತ್ತೆಂದರೆ ನಕ್ಷೆಯಲ್ಲಿ ಹುಡುಕಬೇಕು ಅನ್ನಿಸುವಂಥ ಹೆಸರು. ಪಾಸ್ ಮುಖ್ಯವಾಗಿ ಈ ಫ್ರೀಲ್ಯಾನ್ಸ್ ಜನರ ಆಟ. ಕಲ್ಪನೆಯ ಕಂಪನಿಗೆ ಸಾಕ್ಷಿ ಹೇಳುವವರು ಯಾರು? ಇನ್ನೊಂದು ಕಲ್ಪನೆಯ ಕಂಪನಿ. ಅದರ ಅಧ್ಯಕ್ಷ ಸಹಿ ಹಾಕಿ 'ಇವರನ್ನು ಹೋಗಲು ಬಿಡಿ, ಇವರು ಇಂಥ ರೈಲ್ವೆಯ ಅಧ್ಯಕ್ಷರು' ಅಂತ ಬರೆದು ಕಳಿಸಿದ ದಿನ ನಿಮ್ಮ ನೆಲಮಾಳಿಗೆಯ ಹಳಿಗೆ ಹೊರಗಿನ ಲೋಕದ ಒಂದು ಮುದ್ರೆ ಬೀಳುತ್ತದೆ. ಇದಕ್ಕಾಗಿಯೇ ಪಾಸ್ ಮೇಲೆ ಆ ಸಹಿ, ಆ ನಂಬರ್, ಆ ಗತ್ತು.

ಒಂದು ಪಾಸನ್ನು ಓದುವುದು ಹೇಗೆ

ನಿಜವಾದ ಪಾಸ್‌ನ ಮುಖದಲ್ಲಿ ಇರುತ್ತಿದ್ದ ಸಾಲುಗಳು ಹೆಚ್ಚುಕಡಿಮೆ ಎಲ್ಲಾ ಕಂಪನಿಯದ್ದೂ ಒಂದೇ ಥರ. ಮೇಲೆ ಕಂಪನಿಯ ಹೆಸರು, ವರ್ಷ, ನಂಬರ್. ಕೆಳಗೆ 'ಪಾಸ್' ಅಂತ ಶುರುವಾಗಿ ಹೆಸರು ಬರೆಯುವ ಗೆರೆ. ಅದರ ಕೆಳಗಿನ ಗೆರೆಯ ಮೊದಲಲ್ಲಿ 'ಅಕೌಂಟ್' ಅಂತ ಇರುತ್ತದೆ. ಹೊಸಬರು ಇದನ್ನು ಬ್ಯಾಂಕಿನ ಲೆಕ್ಕ ಅಂದುಕೊಂಡು ಖಾಲಿ ಬಿಡುತ್ತಾರೆ. ಅದು ಬ್ಯಾಂಕಿನದ್ದಲ್ಲ. ಯಾವ ಕಾರಣಕ್ಕೆ ಪಾಸ್ ಕೊಟ್ಟಿದ್ದೇವೆ ಅನ್ನುವ ಜಾಗ ಅದು: ಇಂಥ ರೈಲ್ವೆಯ ಅಧ್ಯಕ್ಷರು, ಇಂಥವರ ಹೆಂಡತಿ, ಇಂಥ ಪತ್ರಿಕೆಯವರು. ಮಾಡೆಲ್ ಪಾಸ್‌ನಲ್ಲಿ ಇದೇ ಅತಿ ಮುಖ್ಯ ಸಾಲು. ಅಲ್ಲಿ ಎದುರಿನವರ ರೈಲ್ವೆಯ ಹೆಸರು ಬರಬೇಕು. ಖಾಲಿ ಬಿಟ್ಟರೆ ವಿನಿಮಯದ ಅರ್ಥವೇ ಹೋಯಿತು.

ಆಮೇಲೆ 'ಬೇರೆ ಆದೇಶ ಬರದಿದ್ದರೆ ಡಿಸೆಂಬರ್ 31ರವರೆಗೆ' ಅನ್ನುವ ಸಾಲು. ಕೊನೆಗೆ ಅಧ್ಯಕ್ಷರ ಅಚ್ಚು ಹಾಕಿದ ಸಹಿ, ಜೊತೆಗೆ ಇನ್ನೊಬ್ಬ ಅಧಿಕಾರಿ ಕೈಯಾರೆ ಹಾಕುವ ಸಹಿ. ಎರಡನೆಯ ಸಹಿ ಇಲ್ಲದಿದ್ದರೆ ಪಾಸ್ ಚಲಾವಣೆಯಿಲ್ಲ ಅಂತ ಬರೆದಿರುತ್ತಿತ್ತು. ಯಾಕೆಂದರೆ ಖಾಲಿ ಪಾಸ್‌ಗಳ ಕಟ್ಟು ಕಳುವಾದರೆ ಕಳ್ಳನಿಗೆ ಪ್ರಯೋಜನವಾಗಬಾರದು. ಮಾಡೆಲ್ ಪಾಸ್ ಮಾಡುವವರು ಈ ಎರಡನೆಯ ಸಹಿಯನ್ನು ಮನೆಯವರಿಗೆ ಬಿಟ್ಟುಕೊಡುವುದುಂಟು. ಮಗಳು ಜನರಲ್ ಮ್ಯಾನೇಜರ್, ನಾಯಿ ಹಣಕಾಸು ಅಧಿಕಾರಿ. ನಾಯಿಯ ಸಹಿಗೆ ಪಂಜದ ಗುರುತು.

ಹಿಂಭಾಗದಲ್ಲಿ ಷರತ್ತುಗಳು. ಈ ಪಾಸ್ ಬೇರೆಯವರಿಗೆ ಕೊಡುವಂತಿಲ್ಲ, ಬೇರೆಯವರ ಕೈಯಲ್ಲಿ ಕಂಡರೆ ಕಂಡಕ್ಟರ್ ಕಿತ್ತುಕೊಂಡು ಪೂರ್ತಿ ದರ ವಸೂಲಿ ಮಾಡಬೇಕು, ಪ್ರಾಣಕ್ಕೆ ಏನಾದರೂ ಆದರೆ ಕಂಪನಿ ಹೊಣೆಯಲ್ಲ. ಈ ಕೊನೆಯದು ಸುಮ್ಮನೆ ಬರೆದದ್ದಲ್ಲ. ನಾರ್ದರ್ನ್ ಪೆಸಿಫಿಕ್ ರೈಲಿನಲ್ಲಿ ಪುಕ್ಕಟೆ ಪಾಸ್ ಮೇಲೆ ಹೋಗುತ್ತಿದ್ದ ವಕೀಲರೊಬ್ಬರು ಓಡುವ ಗಾಡಿಯಿಂದ ಬಿದ್ದು ಸತ್ತರು. ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1904ರಲ್ಲಿ ಕೋರ್ಟ್ ಹೇಳಿದ್ದು: ಪುಕ್ಕಟೆ ಪಾಸ್ ಒಪ್ಪಿಕೊಂಡಿದ್ದೀರಿ ಅಂದಮೇಲೆ ಅದರ ಷರತ್ತನ್ನೂ ಒಪ್ಪಿಕೊಂಡ ಹಾಗೆ. ಮಾಡೆಲ್ ಪಾಸ್‌ನ ಹಿಂಭಾಗ ಈ ಗಂಭೀರ ಭಾಷೆಯನ್ನೇ ಹಿಡಿದು ಆಟವಾಡುತ್ತದೆ. ಸೊರಂಗದೊಳಗೆ ಕೈ ಹಾಕಿ ಹಳಿ ತಪ್ಪಿದ ಬೋಗಿ ಹುಡುಕುವಾಗ ಆಗುವ ಗಾಯಕ್ಕೆ ಕಂಪನಿ ಹೊಣೆಯಲ್ಲ. ಪಾಸ್ ತಂದವರು ಕಾಫಿ ಲೋಟವನ್ನು ಬೆಟ್ಟದ ಮೇಲೆ ಇಡಬಾರದು. ಇಂಥವು. ನನ್ನ ಅಭಿಪ್ರಾಯ ಕೇಳಿದರೆ ಮುಂಭಾಗ ಪೂರ್ತಿ ಗಂಭೀರವಾಗಿರಲಿ, ನಗು ಹಿಂಭಾಗಕ್ಕೆ ಮಾತ್ರ ಇರಲಿ. ಎರಡೂ ಕಡೆ ಜೋಕ್ ಮಾಡಿದರೆ ಜೋಕ್ ಉಳಿಯುವುದಿಲ್ಲ.

ಹಿಂಭಾಗದಲ್ಲಿ ರೈಲಿನ ಉದ್ದ ಬರೆಯುವ ರೂಢಿಯೂ ಇದೆ. ಇದಕ್ಕೆ ಸಣ್ಣ ಲೆಕ್ಕ ಬೇಕು. ನಿಜವಾದ ಒಂದು ಮೈಲಿ ಸುಮಾರು 1,609 ಮೀಟರ್. ಅದನ್ನು 87ರಿಂದ ಭಾಗಿಸಿದರೆ ಸುಮಾರು 18.5 ಮೀಟರ್. ಎಚ್‌ಒ ಲೇಔಟಿನಲ್ಲಿ ಇದು ಒಂದು ಮೈಲಿ. ಇನ್ನೂ ಚಿಕ್ಕ ಎನ್ ಅಳತೆಯಲ್ಲಿ 160ರಿಂದ ಭಾಗಿಸಬೇಕು. ಒಂದು ಮೈಲಿಗೆ ಹತ್ತು ಮೀಟರ್ ಸಾಕು. ಒಂದು ಕೋಣೆಯನ್ನು ಪೂರ್ತಿ ಸುತ್ತಿ ಬರುವ 12 ಮೀಟರ್ ಎಚ್‌ಒ ಹಳಿ ಅಂದರೆ ಮುಕ್ಕಾಲು ಮೈಲಿಯೂ ಆಗಲಿಲ್ಲ! ಕೆಲವರು ಇದನ್ನು ಪ್ರಾಮಾಣಿಕವಾಗಿ ಬರೆಯುತ್ತಾರೆ. ಕೆಲವರು ತಮ್ಮ ಕಲ್ಪನೆಯ ಕಂಪನಿಯ ಪೂರ್ತಿ ಉದ್ದ ಬರೆಯುತ್ತಾರೆ, 240 ಮೈಲಿ ಅಂತ. ಲೇಔಟಿನಲ್ಲಿ ಕಾಣುವುದು ಅದರ ಒಂದು ತುಂಡು ಮಾತ್ರ ಅನ್ನುವುದು ಅವರ ವಾದ. ಎರಡೂ ನಡೆಯುತ್ತದೆ.

ಮಾಡುವ ಕೆಲಸ

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ನಿಮ್ಮ ರೈಲು 1910ರದ್ದಾದರೆ ಪಾಸ್ ಕೂಡ 1910ರದ್ದು. ಆಗ ಒಳ್ಳೆಯ ಪಾಸ್‌ಗಳನ್ನು ನೋಟು, ಷೇರು ಪತ್ರ ಅಚ್ಚು ಹಾಕುವವರೇ ಮಾಡುತ್ತಿದ್ದರು. ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಯೂ ಅದರಲ್ಲಿ ಒಂದು. ಹಾಗಾಗಿ ನೋಟಿನ ಮೇಲಿರುವಂಥ ಹೆಣೆದ ಬಳ್ಳಿಗೆರೆಗಳು, ಹಿನ್ನೆಲೆಯಲ್ಲಿ ತಿಳಿಬಣ್ಣದ ಜಾಲ. ಇವು ಬರೀ ಅಂದಕ್ಕಲ್ಲ, ನಕಲು ಮಾಡುವುದು ಕಷ್ಟವಾಗಲಿ ಅಂತ. 1950ರ ರೈಲಾದರೆ ಅಲಂಕಾರ ಕಡಿಮೆ. ಸಾದಾ ಅಕ್ಷರ, ಒಂದು ಲಾಂಛನ, ಟೈಪ್‌ರೈಟರಿನಲ್ಲಿ ತುಂಬಿದ ಹೆಸರು. ಡೀಸೆಲ್ ಕಾಲದ ರೈಲಿಗೆ ಬಳ್ಳಿ ಸುತ್ತಿದ ಅಕ್ಷರ ಹಾಕಿದರೆ ಪ್ಯಾಂಟಿಗೆ ಪೇಟ ಕಟ್ಟಿದ ಹಾಗೆ.

ಗಾತ್ರದ ವಿಷಯ ಸುಲಭ. ಹಳೆಯ ಪಾಸ್‌ಗಳು ವಿಸಿಟಿಂಗ್ ಕಾರ್ಡಿಗಿಂತ ಸ್ವಲ್ಪ ದೊಡ್ಡವು. ಈಗ ಜಾಸ್ತಿ ಜನ ವಿಸಿಟಿಂಗ್ ಕಾರ್ಡ್ ಗಾತ್ರವನ್ನೇ ಹಿಡಿಯುತ್ತಾರೆ, ಅಂದರೆ ಅಮೆರಿಕದ ಲೆಕ್ಕದಲ್ಲಿ 89 ಮಿಲಿಮೀಟರ್‌ಗೆ 51. ಅಚ್ಚು ಹಾಕಿಸುವುದು ಅಗ್ಗ, ಇಡಲು ಪ್ಲಾಸ್ಟಿಕ್ ಹಾಳೆಗಳು ಸಿದ್ಧವಾಗಿ ಸಿಗುತ್ತವೆ. ಚಿತ್ರ ಕಂಪ್ಯೂಟರಿನಲ್ಲಿ ಮಾಡುವುದಾದರೆ ಇಂಚಿಗೆ 300 ಚುಕ್ಕೆ ಇರಲಿ. ಅಂಚಿನವರೆಗೂ ಬಣ್ಣ ಇದ್ದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚು ಬಿಡಿ, ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಗೆರೆ ಉಳಿಯುತ್ತದೆ. ಕಾಗದ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಇದ್ದರೆ ಕೈಗೆ ಪಾಸ್ ಅನ್ನಿಸುತ್ತದೆ.

ಎಲ್ಲರೂ ಎಡವುವ ಒಂದು ಜಾಗ ಹೊಳಪಿನ ಕಾಗದ. ನೋಡಲು ಚೆಂದ. ಪೆನ್ ಮುಟ್ಟಿದರೆ ಮಸಿ ನಿಲ್ಲುವುದಿಲ್ಲ. ನಾನು ಮೊದಲ ಕಂತನ್ನು ಎರಡೂ ಬದಿ ಹೊಳಪಿನ ಕಾಗದದಲ್ಲಿ ಮಾಡಿಸಿ, ಸಾಲಾಗಿ ಸಹಿ ಹಾಕಿ, ಒಂದರ ಮೇಲೊಂದು ಪೇರಿಸಿಟ್ಟೆ. ಒಂದರ ಅಧ್ಯಕ್ಷ ಇನ್ನೊಂದರ ಬೆನ್ನಿಗೆ ಅಂಟಿಕೊಂಡಿದ್ದ. ಹೊಳಪಿಲ್ಲದ ಮ್ಯಾಟ್ ಕಾಗದ ತೆಗೆದುಕೊಳ್ಳಿ. ಸಹಿಗೆ ನೀರಿಗೆ ಹರಡದ ಪಿಗ್ಮೆಂಟ್ ಮಸಿಯ ಪೆನ್ ಬಳಸಿ.

ಬಣ್ಣ ವರ್ಷ ವರ್ಷ ಬದಲಾಗಬೇಕು. ನಿಜವಾದ ಕಂಪನಿಗಳು ಹಾಗೆ ಮಾಡುತ್ತಿದ್ದದ್ದು, ಕಳೆದ ವರ್ಷದ ಪಾಸ್ ಹಿಡಿದು ಬಂದವರನ್ನು ಕಂಡಕ್ಟರ್ ದೂರದಿಂದಲೇ ಗುರುತಿಸಲಿ ಅಂತ. ನಂಬರ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ನಂಬರ್, ಯಾರಿಗೆ, ಯಾವ ದಿನ. ಐವತ್ತು ದಾಟಿದ ಮೇಲೆ ಯಾರಿಗೆ ಕಳಿಸಿದ್ದೇನೆ, ಯಾರು ವಾಪಸ್ ಕಳಿಸಿಲ್ಲ ಅನ್ನುವುದು ತಲೆಯಲ್ಲಿ ನಿಲ್ಲುವುದಿಲ್ಲ.

ಲಾಂಛನ ಮಾತ್ರ ನಿಮ್ಮದೇ ಇರಲಿ. ನಿಜವಾದ ಕಂಪನಿಗಳ ಲಾಂಛನಕ್ಕೆ ಟ್ರೇಡ್‌ಮಾರ್ಕ್ ಇರುತ್ತದೆ. ಯೂನಿಯನ್ ಪೆಸಿಫಿಕ್ ಕಂಪನಿ ತನ್ನ ಹೆಸರು, ಬಣ್ಣ ಬಳಸುವ ಮಾಡೆಲ್ ತಯಾರಕರಿಂದ ಲೈಸೆನ್ಸ್ ಶುಲ್ಕ ಕೇಳಿ 2004ರಲ್ಲಿ ಕೋರ್ಟಿಗೂ ಹೋಗಿತ್ತು. 2006ರಲ್ಲಿ ಆ ಜಗಳ ತಣ್ಣಗಾಯಿತು. ಅದು ಮಾರುವವರ ಮೇಲಿನ ಕೇಸ್, ನಾಲ್ಕು ಕಾರ್ಡ್ ಹಂಚುವವರ ಮೇಲಲ್ಲ. ಆದರೂ ಕಲ್ಪನೆಯ ಕಂಪನಿ ಇಟ್ಟುಕೊಂಡು ಬೇರೆಯವರ ಲಾಂಛನ ಎರವಲು ತರುವುದರಲ್ಲಿ ಮಜಾ ಏನಿದೆ?

ಬದಲಾಯಿಸಿಕೊಳ್ಳುವ ರೀತಿ

ರೀತಿ ಸರಳ. ನಿಮ್ಮ ಪಾಸ್‌ಗೆ ಎದುರಿನವರ ಹೆಸರು, ಅವರ ರೈಲಿನ ಹೆಸರು ತುಂಬಿ ಸಹಿ ಹಾಕಿ. ಒಂದು ಚಿಕ್ಕ ಪತ್ರ ಜೊತೆಗಿಡಿ. ಬೆನ್ನಿಗೆ ರಟ್ಟು ಕೊಟ್ಟು ಲಕೋಟೆಗೆ ಹಾಕಿ. ನೀವಾಗಿ ಕೇಳುತ್ತಿದ್ದೀರಿ ಅಂತಾದರೆ, ನಿಮ್ಮ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಇನ್ನೊಂದು ಲಕೋಟೆಯನ್ನೂ ಒಳಗಿಡುವುದು ಹಳೆಯ ಸೌಜನ್ಯ. ಬೇರೆ ದೇಶಕ್ಕಾದರೆ ಆ ಸ್ಟಾಂಪ್ ಅಲ್ಲಿ ನಡೆಯುವುದಿಲ್ಲ, ಅವರವರ ಖರ್ಚು ಅವರವರದ್ದು. ಪಾಸ್‌ಗೆ ದುಡ್ಡು ಕೇಳುವುದು ಮರ್ಯಾದೆಯಲ್ಲ. ಹೆಸರು ತುಂಬದ ಖಾಲಿ ಪಾಸ್ ಕಳಿಸುವುದೂ ಅಷ್ಟೇ. ಮದುವೆ ಕಾಗದದ ಮೇಲೆ ಹೆಸರು ಬರೆಯದೆ ಕೊಟ್ಟ ಹಾಗೆ.

ಪಾಸ್ ಮೇಲೆ ಮನೆಯ ವಿಳಾಸ ಅಚ್ಚು ಹಾಕಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಒಂದು ಒಳ್ಳೆಯ ಲೇಔಟಿನ ಎಂಜಿನ್, ಬೋಗಿಗಳ ಬೆಲೆ ಕಡಿಮೆಯೇನಲ್ಲ. ಕಾರ್ಡ್ ಕೈಯಿಂದ ಕೈಗೆ ಹೋಗಿ ಎಲ್ಲಿ ಮುಟ್ಟುತ್ತದೋ ಯಾರಿಗೆ ಗೊತ್ತು. ಇಮೇಲ್ ಸಾಕು.

ಈಗ ಪಾಸನ್ನು ಚಿತ್ರವಾಗಿ ಇಮೇಲಿನಲ್ಲೇ ಕಳಿಸುವವರೂ ಇದ್ದಾರೆ. ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಸಹಿಯ ಒತ್ತು ಬೆರಳಿಗೆ ತಗಲುವುದಿಲ್ಲ, ಜೇಬಿಗೂ ಬರುವುದಿಲ್ಲ. ನಾನಂತೂ ಅಂಥದ್ದಕ್ಕೆ ಕಾಗದದ ಪಾಸನ್ನೇ ಬದಲಿಗೆ ಕಳಿಸುತ್ತೇನೆ. ಎಷ್ಟೋ ಸಲ ನಾಚಿಕೊಂಡು ಅವರೂ ಕಾಗದದ್ದು ಕಳಿಸುತ್ತಾರೆ.

ಬಂದ ಪಾಸ್‌ಗಳನ್ನು ಅಲ್ಬಮ್ಮಿನಲ್ಲಿ ಇಡುವಾಗ ಪಿವಿಸಿ ಇಲ್ಲದ ಪ್ಲಾಸ್ಟಿಕ್ ಹಾಳೆ ಹುಡುಕಿ. ಪಿವಿಸಿ ಹಾಳೆ ವರ್ಷಗಳು ಕಳೆದಂತೆ ಅಂಟಂಟಾಗಿ ಮಸಿಯನ್ನು ಎಳೆದುಕೊಳ್ಳುತ್ತದೆ. ಬಿಸಿಲು ತಾಗದಿರಲಿ.

ನಿಜವಾದ ಹಳೆಯ ಪಾಸ್‌ಗಳನ್ನು ಕೊಂಡುಕೊಳ್ಳುವ ಸಂಗ್ರಾಹಕರಿಗೆ ನಮ್ಮ ಮಾಡೆಲ್ ಪಾಸ್‌ಗಳು ಕೆಲವೊಮ್ಮೆ ತಲೆನೋವು. ಐವತ್ತು ವರ್ಷ ಹಳೆಯದಾದ, ಚೆನ್ನಾಗಿ ಅಚ್ಚಾದ, ಗಂಭೀರ ಹೆಸರಿನ ಮಾಡೆಲ್ ಪಾಸ್ ಒಂದು ಹಳೆಯ ಕಾಗದಗಳ ರಾಶಿಯಲ್ಲಿ ಸಿಕ್ಕರೆ ಅದು ಯಾವುದೋ ಮರೆತುಹೋದ ಸಣ್ಣ ಕಂಪನಿಯದ್ದೇ ಅನ್ನಿಸಿಬಿಡುತ್ತದೆ. ಗುರುತು ಹಿಡಿಯಲು ಹಿಂಭಾಗ ತಿರುಗಿಸಬೇಕು. ಅಲ್ಲಿ ಕಾಫಿ ಲೋಟದ ಷರತ್ತು ಇದ್ದರೆ ಗೊತ್ತಾಯಿತು. ಅದೂ ಇಲ್ಲದಿದ್ದರೆ ಅಳತೆ ಸೂಚಿಸುವ ಎಚ್‌ಒ, ಎನ್ ಅಕ್ಷರ ಎಲ್ಲಾದರೂ ಮೂಲೆಯಲ್ಲಿದೆಯೇ ನೋಡಬೇಕು. ನಿಮ್ಮ ಪಾಸ್‌ನಲ್ಲೂ ಅದೊಂದು ಅಕ್ಷರ ಎಲ್ಲೋ ಇರಲಿ, ಸಣ್ಣದಾಗಿ ಸಾಕು.

ಜನವರಿ ಬಂದರೆ ಹಳೆಯ ಪಾಸ್‌ಗಳೆಲ್ಲಾ ಅವಧಿ ಮುಗಿದವು. ಯಾರೂ ಎಸೆಯುವುದಿಲ್ಲ. ಜಾನ್ ಅಲೆನ್ 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರ ಮನೆಗೆ ಬೆಂಕಿ ಬಿದ್ದು ಲೇಔಟ್ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಎಷ್ಟೋ ಸಾದಾ ಲೇಔಟ್‌ಗಳು ಮನೆ ಬದಲಾಯಿಸುವಾಗ ಗರಗಸಕ್ಕೆ ಸಿಕ್ಕಿ ಹೋಗುತ್ತವೆ. ನನ್ನ ಅಲ್ಬಮ್ಮಿನಲ್ಲಿ ಅಂಥವು ಕೆಲವಿವೆ, ರೈಲು ಹೋಗಿ ಪಾಸ್ ಮಾತ್ರ ಉಳಿದವು. ಅವನ್ನು ಬೇರೆ ಹಾಳೆಗೆ ಹಾಕಿಲ್ಲ. ಹೆಸರಿನ ಅಕ್ಷರಕ್ರಮದಲ್ಲಿ, ಓಡುತ್ತಿರುವ ರೈಲುಗಳ ಮಧ್ಯೆಯೇ ಇಟ್ಟಿದ್ದೇನೆ.